ಗಾಳಿಯ ಲೆಕ್ಕ

ಸಾಗರದ ಸಮೀಪದ ವರದಮೂಲದಲ್ಲಿ ಹುಟ್ಟುವ ವರದೆಯು ಮುಂಗಾರಿನ ಗಾಳಿಯ ಕೊಡುಗೆಯೆಂಬುದನ್ನು ಮಲೆನಾಡಿನವರಿಗೆ ಹೇಳಲವಶ್ಯವಿಲ್ಲ. ಆ ಗಾಳಿಯು ತಂದ ಮಳೆಯನ್ನು ಅಳೆದು ತಾಲ್ಲೂಕು ಕಚೇರಿಯಲ್ಲಿ ಬರೆದಿಡುವ ಪದ್ಧತಿಯು ನಮ್ಮಲ್ಲಿ ಹಳೆಯದು. ಆದರೆ ಗಾಳಿಯೇ ಬದಲಾಗುತ್ತಿರುವಾಗ ಅದರ ಲೆಕ್ಕವನ್ನಿಡುವವರು ಯಾರು?

1958ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈಆಕ್ಸೈಡನ್ನು, ಅಳೆಯಲಾರಂಭಿಸಿದನು. ಈ ವಾಯುವು ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹೀರುವುದು. ಹೀರಿದ ಮೊತ್ತದಿಂದ ಅದರ ಪ್ರಮಾಣವು ತಿಳಿಯುವುದು. ಆಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 315 ಭಾಗವಿದ್ದಿತು. 2024ರ ಸರಾಸರಿಯು 424ನ್ನು ಮೀರಿತು. ಅಂಟಾರ್ಕ್ಟಿಕದ ಹಿಮದಲ್ಲಿ ಸೆರೆಯಾದ ಗುಳ್ಳೆಗಳನ್ನು ಪರೀಕ್ಷಿಸಲಾಗಿ, ಯಂತ್ರಯುಗಕ್ಕೆ ಮುಂಚಿನ ಎಂಟು ಲಕ್ಷ ವರ್ಷಗಳಲ್ಲಿ ಅದು ಸುಮಾರು 300ನ್ನು ದಾಟಿರಲಿಲ್ಲವೆಂದು ಕಂಡುಬಂದಿದೆ. ಹೆಚ್ಚಳವು ಎಲ್ಲಿಂದ ಬಂದಿತೆಂಬುದೂ ಗುಟ್ಟಲ್ಲ. ಯುಗಾಂತರಗಳ ಕಾಲ ನೆಲದಲ್ಲಿ ಹುದುಗಿದ್ದ ಕಲ್ಲಿದ್ದಲು, ಎಣ್ಣೆಗಳ ಇಂಗಾಲದಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ. ಗಾಳಿಯಲ್ಲಿ ಅದರ ಪಾಲು ಕುಗ್ಗಿದುದೇ ಸಾಕ್ಷಿ.

ನಮ್ಮ ಕಡಲತೀರದಲ್ಲಿಯೂ ಈ ಕಾರ್ಯವು ನಡೆದಿತ್ತು. ಕಾರವಾರಕ್ಕೆ ಬಡಗಲಾಗಿ, ಗೋವೆಯ ಕಾಬೊ ದ ರಾಮದಲ್ಲಿ, 1993ರಿಂದ ಗಾಜಿನ ಕುಪ್ಪಿಗಳಲ್ಲಿ ಗಾಳಿಯನ್ನು ತುಂಬಿ ಪರೀಕ್ಷೆಗಾಗಿ ಆಸ್ಟ್ರೇಲಿಯಕ್ಕೆ ಕಳುಹಿಸುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿಗೆ ಕಡಲಿನ ಶುದ್ಧವಾಯುವು ಬರುವುದು. ಚಳಿಗಾಲದಲ್ಲಿ ಒಳನಾಡಿನ ಹೊಗೆಬೆರೆತ ವಾಯುವು. ಇವೆರಡರ ಅಂತರದಿಂದ ನಮ್ಮ ನೆಲದ ಪಾಲನ್ನು ಊಹಿಸಬಹುದು. 2002ರಲ್ಲಿ ಆ ಸರಣಿಯು ಕಡಿಯಿತು. ಮುಂದೆ ಪುನರಾರಂಭವಾದರೂ ನಡುವಣ ವರ್ಷಗಳ ಗಾಳಿಯು ಮರಳಿ ದೊರೆಯಲಿಲ್ಲ. ಬೆಂಗಳೂರಿನ ಖಭೌತ ಸಂಸ್ಥೆಯವರ ಲಡಾಖಿನ ಹಾನ್ಲೆ ವೀಕ್ಷಣಾಲಯದಲ್ಲಿ 2005ರಲ್ಲಿ ಫ್ರೆಂಚರ ಸಹಕಾರದಿಂದ ಅಳತೆಯು ಆರಂಭವಾದುದು ಸಂತೋಷದ ಸಂಗತಿಯು.

ಮೌನಾ ಲೋವಾದ ಲೆಕ್ಕವೊಂದೇ ಸಾಲದೆ, ಎಂದು ಕೆಲವರು ಕೇಳಬಹುದು. ಸಾಲದು. ಅದು ಲೋಕದ ಒಟ್ಟು ಮೊತ್ತವನ್ನು ಹೇಳುವುದೇ ಹೊರತು, ನಮ್ಮ ಪಟ್ಟಣಗಳು ಕೂಡಿಸಿದುದೆಷ್ಟು, ಸಹ್ಯಾದ್ರಿಯ ಕಾಡುಗಳು ಕಳೆದುದೆಷ್ಟು ಎಂಬುದನ್ನು ಹೇಳಲಾರದು. ಅದು ತಿಳಿಯದೆ ಕಾಡಿನ ಬೆಲೆಯನ್ನು ಕಟ್ಟುವುದೆಂತು?

ಆದುದರಿಂದ ಮಲೆನಾಡಿನಲ್ಲಿ ಒಂದು ಶಾಶ್ವತವಾದ ವಾಯುಮಾಪನ ಕೇಂದ್ರವನ್ನು ಸ್ಥಾಪಿಸಿ, ಅದಕ್ಕೆ ಕಡಿಯದ ವರ್ಷಾಶನವನ್ನು ಏರ್ಪಡಿಸಬೇಕೆಂದು ಸರ್ಕಾರದವರನ್ನು ಒತ್ತಾಯಪಡಿಸುತ್ತೇವೆ. ಕಟ್ಟಡಕ್ಕಿಂತಲೂ ಎಡೆಬಿಡದೆ ನಡೆಯುವ ದಾಖಲೆಯು ಮುಖ್ಯವು. ಮಳೆಯ ಪುಸ್ತಕವನ್ನು ತಲೆಮಾರುಗಳ ಕಾಲ ಬರೆದುಕೊಂಡು ಬಂದ ನಾಡಿಗೆ ಗಾಳಿಯ ಪುಸ್ತಕವನ್ನು ಬರೆಯುವುದು ಅಸಾಧ್ಯವಲ್ಲ.