ಲಾಂಗ್ ಕ್ಯಾಪ್ಷನ್ 6: ಸೌಂಡ್ ಜಾಸ್ತಿ ಇದ್ರೆ ಪವರ್ ಜಾಸ್ತಿನಾ?

ರಿಚರ್ಡ್ಸ್ ಪಾರ್ಕ್ ಹತ್ರ ಕೂತಿದ್ರೆ ಕೆಲವೊಮ್ಮೆ ಎಚ್‌ಎಎಲ್ ಕಡೆಯಿಂದ ಎದ್ದ ಫೈಟರ್ ಜೆಟ್ ಗುಡುಗು ಕೇಳುತ್ತೆ. ಎಲ್ಲರೂ ಮಾತು ನಿಲ್ಲಿಸಿ ಮೇಲೆ ನೋಡ್ತೀವಿ. ಐದು ನಿಮಿಷ ಬಿಟ್ಟು ಸೈಲೆನ್ಸರ್ ಕಿತ್ತ ಬೈಕ್ ಒಂದು ಹೋಗುತ್ತೆ. "ಜೆಟ್ ಥರ ಇದೆ ಮಗಾ" ಅಂತೀರ.

ಇಲ್ಲ ಮಗಾ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ.

ಜೆಟ್‌ನ ಆ ಗರ್ಜನೆ ಹೆಚ್ಚಿನಂಶ ಹುಟ್ಟೋದು ಇಂಜಿನ್ ಒಳಗಲ್ಲ, ಅದರ ಹಿಂದೆ, ಖಾಲಿ ಗಾಳಿಯಲ್ಲಿ. ವೇಗವಾಗಿ ನುಗ್ಗೋ ಬಿಸಿ ಗಾಳಿ ಸುತ್ತಲಿನ ಸುಮ್ಮನಿರೋ ಗಾಳಿಗೆ ಉಜ್ಜಿ ಸುಳಿಗಳಾಗುತ್ತೆ. ಬಾಯಿ ಹತ್ರದ ಸಣ್ಣ ಸುಳಿಯಿಂದ ಕೀಚಲು ಸದ್ದು, ದೂರದ ದೊಡ್ಡ ಸುಳಿಯಿಂದ ಗುಡುಗು. ಹೊರಗೆ ಹುಟ್ಟೋ ಶಬ್ದವನ್ನ ಬೈಕಿನ ಥರ ಒಂದು ಡಬ್ಬಿ ಹಾಕಿ ಮುಚ್ಚೋಕೆ ಆಗಲ್ಲ.

1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಅನ್ನೋ ಗಣಿತಜ್ಞ ಇದರ ಲೆಕ್ಕ ಕೊಟ್ಟರು: ಶಬ್ದದ ವೇಗ ಮೀರದ ಜೆಟ್‌ನಲ್ಲಿ, ಸದ್ದಿನ ಶಕ್ತಿ ಜೆಟ್ ವೇಗದ 8ನೇ ಘಾತದಷ್ಟು ಏರುತ್ತೆ. ವೇಗ ಡಬಲ್ ಆದ್ರೆ ಸದ್ದು 256 ಪಟ್ಟು!

ಈಗ ನಮ್ಮ ಬಿಕಾಂ ಲೆಕ್ಕ. ಜೆಟ್‌ನ ಅಗಲ ಎರಡು ಪಟ್ಟು ಮಾಡಿ, ವೇಗ ಅರ್ಧ ಮಾಡಿ. ತಳ್ಳೋ ಬಲ ಅಷ್ಟೇ ಇರುತ್ತೆ. ಆದ್ರೆ ಜೆಟ್‌ಗೆ ಕೊಡಬೇಕಾದ ಶಕ್ತಿ ಅರ್ಧ, ಸದ್ದು 64ರಲ್ಲಿ ಒಂದು ಪಾಲು. ಅದೇ ಮಾಲು, ಅರ್ಧ ಖರ್ಚು. ದೇವನಹಳ್ಳಿಯಿಂದ ಹಾರೋ ವಿಮಾನಗಳ ಇಂಜಿನ್ ಅಷ್ಟು ದಪ್ಪ ಇರೋದು ಇದಕ್ಕೇ. ನೂರಾರು ಜನರನ್ನ ಹೊತ್ತೊಯ್ಯೋ ಇಂಜಿನ್ನೇ ಮೆತ್ತಗಾಗೋಕೆ ನೋಡ್ತಿದೆ. ಹಾಗಾದ್ರೆ ಜೋರು ಸದ್ದು ಪವರ್‌ನ ಗುರುತು ಹೇಗಾಗುತ್ತೆ?

ಬೈಕ್ ಕಥೆ ಬೇರೆ. ಅಲ್ಲಿ ಸದ್ದು ಸಿಲಿಂಡರಿಂದ ಬಿಟ್ಟು ಬಿಟ್ಟು ಬರೋ ಗ್ಯಾಸ್‌ನಿಂದ, ಪೈಪ್ ಒಳಗೇ. ಅದಕ್ಕೇ ಸೈಲೆನ್ಸರ್ ಕೆಲಸ ಮಾಡುತ್ತೆ. ವಿಮಾನದವರು ಎಪ್ಪತ್ತು ವರ್ಷದಿಂದ ತಲೆ ಕೆಡಿಸಿಕೊಂಡು ಡೆಸಿಬೆಲ್ ಡೆಸಿಬೆಲ್ ಆಗಿ ಇಳಿಸ್ತಿದ್ದಾರೆ. ನಮಗೆ ಫ್ರೀಯಾಗಿ ಸಿಕ್ಕಿರೋ ಪರಿಹಾರವನ್ನ ನಾವು ದುಡ್ಡು ಕೊಟ್ಟು ಕಿತ್ತು ಹಾಕಿಸ್ತೀವಿ!

ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬೆಲ್. ಮೆತ್ತಗೆ ಮಾತಾಡೋದಕ್ಕಿಂತಲೂ ಕಮ್ಮಿ. ನಮ್ಮ ಬೀದಿಯ ಹಳೇ ಮನೆಗಳಲ್ಲಿ ವಯಸ್ಸಾದವರಿದ್ದಾರೆ, ಈಗಷ್ಟೇ ಮಲಗಿದ ಪಾಪುಗಳಿವೆ. ಅವರು ಎದ್ದು ಕೂರೋದು ನಿಮ್ಮ ಪವರ್ ನೋಡಿ ಅಲ್ಲ.

ಕಿತ್ತಿರೋದನ್ನ ವಾಪಸ್ ಹಾಕ್ಸಿ. ನೀವು ಯಾರನ್ನ ಟ್ಯಾಗ್ ಮಾಡಬೇಕು ಅಂತ ನಿಮಗೇ ಗೊತ್ತು 😌