ಹೊಳೆಯ ತಳದ ಕಾವಲುಗಾರರು

ತಾಂಡೂರಿನ ಕಡೆಯಿಂದ ಹರಿದುಬಂದು ಸೇಡಂ, ಮಳಖೇಡಗಳ ನೆಲವನ್ನು ಹಾಯ್ದು ಭೀಮೆಯನ್ನು ಸೇರುವ ಕಾಗಿಣಾ, ಚಿಂಚೋಳಿಯ ಮೂಲಕ ಬಂದು ಅದನ್ನು ಕೂಡುವ ಮುಲ್ಲಾಮಾರಿ, ಇವೆರಡೂ ನಮ್ಮ ಸೀಮೆಯ ಜೀವನಾಡಿಗಳು. ಆಡಕಿಯಿಂದ ಚಿತ್ತಾಪುರದವರೆಗೆ ನೀರಿನ ಮಾತು ಬಂದಾಗಲೆಲ್ಲ ನಾವು ಮಳೆ, ಹೂಳು, ಬಾಂದಾರಗಳ ಬಗ್ಗೆ ಚರ್ಚಿಸುತ್ತೇವೆ. ನೀರಿನ ತಳದಲ್ಲಿ ಅರೆ ಹುದುಗಿ ಬದುಕುವ ಕಪ್ಪೆಚಿಪ್ಪಿನ ವಿಚಾರ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಈ ಜೀವಿ ನೀರನ್ನು ಒಳಗೆಳೆದು, ಅದರಲ್ಲಿರುವ ಪಾಚಿ, ಬ್ಯಾಕ್ಟೀರಿಯಾ ಹಾಗೂ ಕೊಳೆತ ಕಣಗಳನ್ನು ಸೋಸಿ ತಿಂದು, ತಿಳಿನೀರನ್ನು ಹೊರಬಿಡುತ್ತದೆ. ಬೆಳೆದ ಒಂದು ಚಿಪ್ಪು ದಿನಕ್ಕೆ ಹತ್ತಾರು ಲೀಟರ್ ನೀರನ್ನು ಸೋಸಬಲ್ಲದು. ನೀರು ತಿಳಿಯಾದರೆ ತಳಕ್ಕೆ ಬಿಸಿಲು ತಲುಪುತ್ತದೆ, ಜಲಸಸ್ಯ ಬೆಳೆಯುತ್ತದೆ, ಮೀನಿಗೆ ನೆಲೆ ದೊರೆಯುತ್ತದೆ. ಹಾಗೆಂದು ಹೊಳೆಯ ನೀರನ್ನು ಕಾಯಿಸದೆ ಕುಡಿಯಬಹುದೆಂದಲ್ಲ. ಸೋಸುವಾಗ ನೀರಿನ ಸೀಸ, ಕ್ಯಾಡ್ಮಿಯಂನಂತಹ ಲೋಹಗಳೂ ಅದರ ಮೈಯಲ್ಲಿ ಸಂಗ್ರಹವಾಗುತ್ತವೆ. ಆದುದರಿಂದ ಮಲಿನ ನೀರಿನ ಚಿಪ್ಪನ್ನು ತಿನ್ನಲಾಗದು. ಆದರೆ ಅದನ್ನು ಪರೀಕ್ಷಿಸಿದರೆ ಊರಿನ ಆರೋಗ್ಯಕ್ಕೆ ಬರಲಿರುವ ಕುತ್ತು ಮೊದಲೇ ತಿಳಿಯುತ್ತದೆ.

ಇದರ ಬಾಳು ಮೀನಿನೊಡನೆ ಹೆಣೆದುಕೊಂಡಿದೆ. ಮರಿಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲಕಾಲ ಬೆಳೆದು, ನಂತರ ತಳಕ್ಕೆ ಉದುರುತ್ತವೆ. ಸಿಡಿಮದ್ದು ಹಾಕಿ ಮೀನು ಕೊಂದಲ್ಲಿ, ಮೀನಿನ ಹಾದಿಗೆ ಕಟ್ಟೆ ಅಡ್ಡ ಬಂದಲ್ಲಿ ಚಿಪ್ಪಿನ ಸಂತತಿಯೂ ಕ್ಷೀಣಿಸುತ್ತದೆ. ಯಂತ್ರದಿಂದ ಮರಳೆತ್ತಿದರಂತೂ ಜೀವಂತ ಚಿಪ್ಪುಗಳೇ ಲಾರಿ ಸೇರುತ್ತವೆ.

ಬಂಡೆಗೆ ಅಂಟಿ ಬೆಳೆಯುವ ಅಪರೂಪದ ಸಿಹಿನೀರಿನ ಚಿಪ್ಪೊಂದನ್ನು ವಿಜ್ಞಾನಿಗಳು 1898ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ನಮ್ಮ ನಾಡಿನಿಂದಲೇ. ಸ್ಯೂಡೋಮುಲ್ಲೇರಿಯಾ ಡಾಲ್ಯಿ ಎಂಬ ಅದು ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. 2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿಧಾಮವಾಯಿತು. ಕಾಡಿಗೆ ದೊರೆತ ಆ ಕಾವಲು ಹೊಳೆಯ ತಳಕ್ಕೆ ದೊರೆತಿಲ್ಲ.

ಬೇಸಿಗೆಯಲ್ಲೂ ಬತ್ತದ ಮಡುಗಳೇ ಈ ಜೀವಿಗಳ ಕೊನೆಯ ಆಸರೆ. ಅಂತಹ ಮಡುಗಳಲ್ಲಿ ಮರಳೆತ್ತಬಾರದೆಂದು ಗ್ರಾಮಸಭೆಗಳು ಠರಾವು ಮಾಡಲಿ. ವಿದ್ಯಾರ್ಥಿ ಮಿತ್ರರು ಪ್ರತಿ ಬೇಸಿಗೆಯಲ್ಲಿ ತಮ್ಮೂರಿನ ಹೊಳೆಯಲ್ಲಿ ಜೀವಂತ ಚಿಪ್ಪುಗಳೆಷ್ಟು, ಬರಿದಾದವೆಷ್ಟು ಎಂದು ಎಣಿಸಿ ಬರೆದಿಡಲಿ. ಜೀವಂತವಾದುದನ್ನು ಇದ್ದಲ್ಲಿಯೇ ಮರಳಿ ಇಡಲಿ. ಬರಿದಾದ ಚಿಪ್ಪುಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಏರಿದರೆ, ದವಾಖಾನೆಯ ಸಾಲು ಬೆಳೆಯುವವರೆಗೆ ಕಾಯದೆ ನೀರಿನ ಪರೀಕ್ಷೆಗೆ ಒತ್ತಾಯಿಸುವುದು ನಮ್ಮೆಲ್ಲರ ಕರ್ತವ್ಯ.