ಹಳೆಯ ಪೆಟ್ಟಿಗೆಗೆ ಹೊಸ ಪರ್ಯಾಯ

ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಕೆಲವು ಮರದ ಸಾಮಾನುಗಳು ಉಳಿದುಕೊಂಡಿವೆ. ಅಕ್ಕಿ ತುಂಬುತ್ತಿದ್ದ ದೊಡ್ಡ ಪೆಟ್ಟಿಗೆ, ಸರಪಳಿ ಕಳಚಿದ ಉಯ್ಯಾಲೆಯ ಮಣೆ, ಮೂರು ತಲೆಮಾರಿನ ಮಕ್ಕಳು ಮಲಗಿದ ತೊಟ್ಟಿಲು, ಹಿರಿಯರು ಒರಗಿ ಕೂರುತ್ತಿದ್ದ ಆರಾಮಕುರ್ಚಿ. ಮನೆ ಬದಲಿಸುವಾಗಲೋ ಹೊಸದಾಗಿ ಕಟ್ಟಿಸುವಾಗಲೋ ಇವುಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. ಕೆಲವರು ಗುಜರಿಯವನನ್ನು ಕರೆದು ಕೊಟ್ಟುಬಿಡುತ್ತಾರೆ. ಕೆಲವರು ‘ಅಜ್ಜನ ಕಾಲದ್ದು’ ಎಂದು ಮತ್ತೆ ಅಟ್ಟಕ್ಕೇರಿಸುತ್ತಾರೆ. ಸಾಮಾನ್ಯವಾಗಿ ಎರಡೂ ವಿಚಾರವಿಲ್ಲದೆ ನಡೆಯುತ್ತವೆ. ಆದರೆ ಗೃಹಸ್ಥನ ದಿನಚರಿಯ ಸಣ್ಣ ಸಂಗತಿಗಳನ್ನೂ ವಿವೇಚಿಸಿರುವ ಶ್ರಾವಕಾಚಾರದ ಬೆಳಕಿನಲ್ಲಿ ನೋಡಿದರೆ, ಈ ಸಾಮಾನುಗಳ ಮುಂದೆ ನಿಂತ ಕ್ಷಣವೂ ವ್ರತದ ಪರೀಕ್ಷೆಯ ಕ್ಷಣವೇ.

ಜೈನಾಗಮವು ಪರಿಗ್ರಹವನ್ನು ಅಂತರಂಗ, ಬಹಿರಂಗ ಎಂದು ಎರಡಾಗಿ ವಿಂಗಡಿಸುತ್ತದೆ. ಬಹಿರಂಗ ಪರಿಗ್ರಹವು ಹತ್ತು ಬಗೆಯದು. ಹೊಲ, ಮನೆ, ಧನ, ಧಾನ್ಯಗಳನ್ನು ಎಣಿಸುವ ಒಂದು ಪ್ರಸಿದ್ಧ ಪಟ್ಟಿಯಲ್ಲಿ ‘ಶಯನಾಸನ’ ಎಂಬ ಹೆಸರೂ ಇದೆ. ಅಂದರೆ ಮಂಚ, ಪೀಠ, ಕುರ್ಚಿಗಳಂತಹ ವಸ್ತುಗಳು. ಬಂಗಾರದ ವಿಷಯದಲ್ಲಿ ಎಚ್ಚರ ವಹಿಸುವವರೂ ಮಂಚ, ಕುರ್ಚಿಗಳನ್ನು ಪರಿಗ್ರಹವೆಂದು ಎಣಿಸುವುದಿಲ್ಲ. ಶಾಸ್ತ್ರಕಾರರು ಎಣಿಸಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಬೆಲೆಯನ್ನಾಗಲಿ ಗಾತ್ರವನ್ನಾಗಲಿ ಹೇಳದೆ, ‘ಮೂರ್ಛೆ’ ಎಂಬ ಮನಃಸ್ಥಿತಿಯನ್ನು ಹೇಳಿದರು. ‘ಇದು ನನ್ನದು’ ಎಂಬ ಮಮಕಾರದಲ್ಲಿ ಎಚ್ಚರ ತಪ್ಪುವುದೇ ಮೂರ್ಛೆ. ಈ ಅಳತೆಯಿಂದ ನೋಡಿದರೆ, ಹತ್ತು ವರ್ಷಗಳಿಂದ ಯಾರೂ ಮುಚ್ಚಳ ತೆರೆಯದ, ಆದರೆ ಯಾರಿಗೂ ಕೊಡಲು ಮನಸ್ಸಾಗದ ಪೆಟ್ಟಿಗೆಯು ಪೂರ್ಣ ಪರಿಗ್ರಹ. ಅದೇ ಪೆಟ್ಟಿಗೆ ನಿತ್ಯದ ಉಪಯೋಗಕ್ಕೆ ಬಂದು, ನಾಳೆ ಕೊಡಬೇಕಾಗಿ ಬಂದರೆ ಕಳವಳವಿಲ್ಲದೆ ಕೊಡುವಂತಿದ್ದರೆ, ಅದರ ಭಾರ ಬಹಳ ಹಗುರ.

ಹಾಗಾದರೆ ಎಲ್ಲವನ್ನೂ ಹೊರಗೆ ಹಾಕುವುದೇ ಅಪರಿಗ್ರಹವೇ? ಹಾಗೆ ಭಾವಿಸುವವರೂ ಇದ್ದಾರೆ. ಆದರೆ ಹಳೆಯದನ್ನು ಹೊರಹಾಕಿದ ಜಾಗಕ್ಕೆ ವಾರದೊಳಗೆ ಹೊಸದು ಬಂದು ಕೂತರೆ, ಅಲ್ಲಿ ನಡೆದದ್ದು ತ್ಯಾಗವೆನಿಸದು; ಲೋಭವು ತನಗೆ ಜಾಗ ಮಾಡಿಕೊಂಡಿತು, ಅಷ್ಟೇ. ಇದರ ಜೊತೆಗೆ ಹಿಂಸೆಯ ಲೆಕ್ಕವೂ ಸೇರುತ್ತದೆ. ಮರವು ಏಕೇಂದ್ರಿಯ ಜೀವ. ಹಳೆಯ ಪೆಟ್ಟಿಗೆಯ ಹಲಗೆಯಲ್ಲಿ ಆ ಜೀವವಿಲ್ಲ. ಅದು ಎಂದೋ ಅಚಿತ್ತವಾಗಿದೆ. ಹೊಸ ಕಪಾಟಿಗಾಗಿ ಹೊಸ ಮರ ಉರುಳಬೇಕು. ಕೊಡಲಿ ಹಿಡಿದವನು ಬೇರೆಯವನೆಂದು ಕೊಳ್ಳುವವನು ಸಮಾಧಾನಪಟ್ಟುಕೊಳ್ಳುವಂತಿಲ್ಲ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರರಲ್ಲೂ ಕರ್ಮಾಸ್ರವ ಉಂಟೆಂದು ಸಿದ್ಧಾಂತ ಹೇಳುತ್ತದೆ. ಸಂಕಲ್ಪ, ಸಾಧನಗಳ ಸಂಗ್ರಹ, ಆರಂಭ ಎಂಬ 3 ಹಂತ. ಮನ, ವಚನ, ಕಾಯ ಎಂಬ 3 ಯೋಗ. ಈ ಕೃತ, ಕಾರಿತ, ಅನುಮೋದನೆ ಎಂಬ 3. ಕ್ರೋಧ, ಮಾನ, ಮಾಯೆ, ಲೋಭ ಎಂಬ 4 ಕಷಾಯ. ಇವನ್ನು ಗುಣಿಸಿದಾಗ ಬರುವ ಆಸ್ರವದ ದ್ವಾರಗಳು 108. ಬೇಕಿಲ್ಲದ ಕಪಾಟನ್ನು ಕೊಳ್ಳಬೇಕೆಂಬ ಯೋಚನೆಯೂ ಈ ಲೆಕ್ಕದೊಳಗೇ ಬರುತ್ತದೆ.

ಶ್ರಾವಕನ ಗುಣವ್ರತಗಳಲ್ಲಿ ‘ಅನರ್ಥದಂಡ ವಿರತಿ’ ಇರುವುದು ಈ ಕಾರಣಕ್ಕಾಗಿಯೇ. ಸಂಸಾರ ನಡೆಸುವಾಗ ಕೆಲವು ಹಿಂಸೆ ತಪ್ಪದು. ಪ್ರಯೋಜನವಿಲ್ಲದ ಹಿಂಸೆಯನ್ನಾದರೂ ಬಿಡು ಎಂಬುದು ಅದರ ಸಾರ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಕಾರಣವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನೂ ಸಸ್ಯಗಳನ್ನು ಕತ್ತರಿಸುವುದನ್ನೂ ‘ಪ್ರಮಾದಚರ್ಯೆ’ ಎಂದು ಹೆಸರಿಸಿದ್ದಾರೆ. ಗಟ್ಟಿಯಾದ ಹಲಗೆ ಮನೆಯಲ್ಲಿರುವಾಗ ಮತ್ತೊಂದಕ್ಕೆ ಹಣ ತೆರುವುದು ಇದರ ನೆರೆಯಲ್ಲೇ ನಿಲ್ಲುವ ನಡೆ.

ಹಳೆಯ ವಸ್ತುವಿಗೆ ಹೊಸ ಕೆಲಸ ಕೊಡುವುದಕ್ಕೆ ಜೈನ ತತ್ತ್ವದ ಆಳದಲ್ಲಿಯೇ ಆಧಾರವಿದೆ. ಪ್ರತಿಯೊಂದು ದ್ರವ್ಯವೂ ಹುಟ್ಟು, ಅಳಿವು, ಸ್ಥಿರತೆ ಎಂಬ ಮೂರನ್ನೂ ಏಕಕಾಲದಲ್ಲಿ ಹೊಂದಿದೆ. ದ್ರವ್ಯವು ತಾಳುವ ಒಂದೊಂದು ಅವಸ್ಥೆಗೂ ‘ಪರ್ಯಾಯ’ ಎಂದು ಹೆಸರು. ಆಪ್ತಮೀಮಾಂಸೆಯಲ್ಲಿ ಸಮಂತಭದ್ರರು ಇದಕ್ಕೆ ಒಂದು ನಿದರ್ಶನ ಕೊಡುತ್ತಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬಯಸಿದವನಿಗೆ ದುಃಖ, ಕಿರೀಟ ಬಯಸಿದವನಿಗೆ ಸಂತೋಷ, ಚಿನ್ನವನ್ನಷ್ಟೇ ಬಯಸಿದವನಿಗೆ ಮಧ್ಯಸ್ಥ ಭಾವ. ಮನೆಯಲ್ಲೂ ಹೀಗೆಯೇ ಆಗುತ್ತದೆ. ಅಕ್ಕಿಯ ಪೆಟ್ಟಿಗೆಗೆ ಒಳಹಲಗೆ ಕೂರಿಸಿ ಪುಸ್ತಕದ ಕಪಾಟು ಮಾಡಹೊರಟರೆ, ಅಜ್ಜಿಯ ಕೈಯ ನೆನಪು ಅಳಿಸಿತೆಂದು ಒಬ್ಬರು ನೊಂದುಕೊಳ್ಳುತ್ತಾರೆ. ಹೊಸ ಕಪಾಟು ಸಿಕ್ಕಿತೆಂದು ಇನ್ನೊಬ್ಬರು ಹಿಗ್ಗುತ್ತಾರೆ. ಮರ ಮೊದಲಿನಂತೆಯೇ ಇದೆ, ಅದರ ಪರ್ಯಾಯ ಬದಲಾಯಿತು ಎಂದು ಅರಿತವರಿಗೆ ಎರಡೂ ಅತಿಯಾಗಿ ಕಾಡುವುದಿಲ್ಲ. ಹಿರಿಯರ ಮೇಲಿನ ಗೌರವಕ್ಕೆ ಇದರಿಂದ ಕುಂದೇನೂ ಬರದು. ಅವರು ಆ ಪೆಟ್ಟಿಗೆಯನ್ನು ಮಾಡಿಸಿದ್ದು ಬಳಸುವುದಕ್ಕೆ, ದೂಳು ಹಿಡಿಸುವುದಕ್ಕಲ್ಲ.

ಹೊಸ ಕೆಲಸ ಯಾವುದು ಎಂಬುದರಲ್ಲಿಯೂ ವಿವೇಕ ಬೇಕು. ಹಳೆಯ ತೊಟ್ಟಿಲನ್ನು ಬಣ್ಣ ಬಳಿದು, ಗಾಜು ಹೊದಿಸಿ, ಬಂದವರ ಮೆಚ್ಚುಗೆಗಾಗಿ ನಡುಮನೆಯಲ್ಲಿ ಇಟ್ಟರೆ ಮೂರ್ಛೆಯ ಜೊತೆಗೆ ಮಾನಕಷಾಯವೂ ಸೇರುತ್ತದೆ. ಭೋಗೋಪಭೋಗದ ವಸ್ತುಗಳನ್ನು ಅಗತ್ಯ ಮೀರಿ ಕೂಡಿಡುವುದನ್ನು ಅನರ್ಥದಂಡ ವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಶಾಸ್ತ್ರ ಎಣಿಸಿದೆ. ಮರುಬಳಕೆಯ ಹೆಸರಿನಲ್ಲಿ ಸಂಗ್ರಹ ಬೆಳೆದರೂ ಅದು ಅತಿಚಾರವೇ. ಆ ತೊಟ್ಟಿಲಿಗೆ ನಿಜವಾದ ಹೊಸ ಬಾಳು ಮಗು ಹುಟ್ಟಿದ ಇನ್ನೊಂದು ಮನೆಯಲ್ಲಿರಬಹುದು. ಹಾಗೆ ಕೊಟ್ಟಾಗ ಪಡೆದವರಿಗೂ ಹಿತ, ಕೊಟ್ಟವರ ಮಮಕಾರಕ್ಕೂ ಔಷಧಿ.

ಮನೆಯಲ್ಲೇ ಉಳಿಯುವ ವಸ್ತುವಿಗೆ ಸ್ವಾಧ್ಯಾಯಕ್ಕಿಂತ ಉತ್ತಮ ಕೆಲಸ ಸಿಗುವುದು ಕಷ್ಟ. ಉಯ್ಯಾಲೆಯ ಮಣೆಯು ಸಾಮಾಯಿಕಕ್ಕೆ ಕೂರುವ ಪೀಠವಾಗಬಹುದು. ಮುರಿದ ಮೇಜಿನ ಹಲಗೆ ಗ್ರಂಥವಿಡುವ ವ್ಯಾಸಪೀಠವಾಗಬಹುದು. ಅಕ್ಕಿಯ ಪೆಟ್ಟಿಗೆ ಜಿನವಾಣಿಯ ಭಂಡಾರವಾಗಬಹುದು. ಕನ್ನಡ ನಾಡಿನಲ್ಲಿ ಶಾಸ್ತ್ರವನ್ನು ಕಾಪಾಡಿದ ಕಥೆ ದೊಡ್ಡದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದು ಬಂದದ್ದರಿಂದಲೇ 20ನೇ ಶತಮಾನದಲ್ಲಿ ಅವು ಮುದ್ರಣಗೊಂಡು ಲೋಕಕ್ಕೆ ದೊರೆತವು. ಒಂದು ಮನೆಯ ಪೆಟ್ಟಿಗೆಯಲ್ಲಿ ಹತ್ತು ಗ್ರಂಥಗಳನ್ನು ತೇವ ತಾಗದಂತೆ ಇಟ್ಟು, ದಿನಕ್ಕೊಂದು ಪುಟ ಓದುವ ರೂಢಿ ಬೆಳೆದರೆ, ಆ ಪರಂಪರೆಯ ಎಳೆಯೊಂದು ಅಲ್ಲಿಯೂ ಮುಂದುವರಿದಂತೆ.

ಕೆಲಸ ಮಾಡುವ ಕ್ರಮದಲ್ಲೂ ಧರ್ಮವಿದೆ. ವಸ್ತುವನ್ನು ಎತ್ತುವಾಗ, ಇಡುವಾಗ ಜೀವಿಗಳಿಗೆ ನೋವಾಗದಂತೆ ನೋಡಿ ನಡೆಯುವುದನ್ನು ಮುನಿಗಳ ಆದಾನ ನಿಕ್ಷೇಪಣ ಸಮಿತಿ ಕಲಿಸುತ್ತದೆ. ಅವರ ಕೈಯ ನವಿಲುಗರಿಯ ಪಿಂಛಿ ಇರುವುದೂ ಅದಕ್ಕಾಗಿಯೇ. ಅಟ್ಟದ ಪೆಟ್ಟಿಗೆಯ ಸಂದಿಗಳಲ್ಲಿ ಜೇಡ, ಇರುವೆ, ಗೆದ್ದಲು, ಮರ ಕೊರೆಯುವ ಹುಳು ಮನೆ ಮಾಡಿರುತ್ತವೆ. ಜೀವೋತ್ಪತ್ತಿ ಹೆಚ್ಚುವ ಮಳೆಗಾಲದಲ್ಲಿ ಇಂತಹ ಕೆಲಸಕ್ಕೆ ಕೈಹಾಕದೆ, ಒಣ ದಿನಗಳಲ್ಲಿ ಹಗಲು ಬೆಳಕಿನಲ್ಲಿ ಇಳಿಸಬೇಕು. ನೆಲದ ಮೇಲೆ ಎಳೆಯದೆ ಎತ್ತಿ ಸಾಗಿಸಬೇಕು. ಮೃದುವಾದ ಬಟ್ಟೆಯಿಂದ ಒರೆಸಿ, ಕಡುಬಿಸಿಲಿಗೆ ಒಡ್ಡದೆ ನೆರಳು ಗಾಳಿಯಲ್ಲಿ ಕೆಲವು ದಿನ ಬಿಟ್ಟರೆ ಎಷ್ಟೋ ಜೀವಿಗಳು ತಾವಾಗಿಯೇ ಹೊರಟುಹೋಗುತ್ತವೆ. ಅವಸರದಿಂದ ವಿಷ ಸುರಿಯುವುದು, ಗೃಹಸ್ಥನು ಬಿಡಲೇಬೇಕಾದ ಸಂಕಲ್ಪೀ ಹಿಂಸೆಯೇ ಆಗುತ್ತದೆ. ಒಳಗೆಲ್ಲ ಗೆದ್ದಲು ತುಂಬಿದ್ದರೆ ಆ ಹಲಗೆಯನ್ನು ತೋಟದ ಮೂಲೆಗೆ ಬಿಟ್ಟುಕೊಡುವುದೇ ಲೇಸು. ಅದು ಅಭಯದಾನದ ಒಂದು ಸಣ್ಣ ರೂಪ. ಮುಂದೆ ಗೆದ್ದಲು ಹತ್ತದಂತೆ ಗೋಡೆಯಿಂದ ಸ್ವಲ್ಪ ದೂರ, ಕಲ್ಲಿನ ಮೇಲೆ ಎತ್ತರಿಸಿ ಇಡುವುದು ಹಿಂಸೆಯಿಲ್ಲದ ರಕ್ಷಣೆ.

ಇಷ್ಟೆಲ್ಲವೂ ಒಂದು ದಿನದ ಉತ್ಸಾಹವಾಗಿ ಮುಗಿಯದಿರಲು ನಿಯಮವೊಂದು ಬೇಕು. ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ ಎಂದು ರತ್ನಕರಂಡಕವು ಭೇದ ತೋರಿಸಿದೆ. ಆರಂಭಕ್ಕೆ ನಿಯಮವೇ ಸಾಕು. ಮನೆಯಲ್ಲಿ ಇಷ್ಟೇ ಮಂಚ, ಇಷ್ಟೇ ಕುರ್ಚಿ, ಇಷ್ಟೇ ಕಪಾಟು ಎಂದು ಒಂದು ವರ್ಷಕ್ಕೆ ಪರಿಮಾಣ ಮಾಡಿಕೊಳ್ಳುವುದು. ಹೊಸದೊಂದು ಅನಿವಾರ್ಯವಾದರೆ ಮೊದಲು ಇರುವುದನ್ನು ಮಾರ್ಪಡಿಸಲು ಬರುವುದೇ ಎಂದು ನೋಡುವುದು. ಒಂದು ದಶಲಕ್ಷಣ ಪರ್ವದಿಂದ ಮುಂದಿನ ಪರ್ವದವರೆಗೆ ಉಪಯೋಗಕ್ಕೆ ಬಾರದ ಸಾಮಾನನ್ನು ಬೇಕಾದವರಿಗೆ ಕೊಡುವುದು. ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಮೊದಲು ಕೊಡುವುದು, ಆಮೇಲೆ ‘ಯಾವುದೂ ನನ್ನದಲ್ಲ’ ಎಂಬ ಭಾವದಲ್ಲಿ ನೆಲೆಸುವುದು ಎಂಬ ಕ್ರಮ ಅಲ್ಲಿದೆ. ತ್ಯಾಗದ ದಿನ ಬಸದಿಯಲ್ಲಿ ಕೇಳಿದ ಪ್ರವಚನವು ಅಂದು ಸಂಜೆ ಅಟ್ಟದ ಸಾಮಾನುಗಳ ಪಟ್ಟಿಯಾಗಿ, ಮಳೆ ಮುಗಿದ ಮೇಲೆ ಅವುಗಳನ್ನು ಇಳಿಸುವ ಕೆಲಸವಾಗಿ ಮುಂದುವರಿದರೆ, ಕೇಳಿದ್ದು ಸಾರ್ಥಕವಾಗುತ್ತದೆ.

ಪುದ್ಗಲದ ಸ್ವಭಾವವೇ ಕೂಡುವುದು ಮತ್ತು ಕಳಚುವುದು. ಎಷ್ಟು ಜೋಪಾನ ಮಾಡಿದರೂ ಹಲಸು, ತೇಗಗಳ ಹಲಗೆ ಒಂದು ದಿನ ಸಡಿಲಗೊಳ್ಳುತ್ತದೆ. ಅಲ್ಲಿಯವರೆಗೆ ಅದನ್ನು ವ್ಯರ್ಥವಾಗಿ ಒಗೆಯದೆ, ವ್ಯರ್ಥವಾಗಿ ಬಚ್ಚಿಡದೆ, ತನಗೋ ಇತರರಿಗೋ ಹಿತವಾಗುವ ಕೆಲಸಕ್ಕೆ ಹಚ್ಚುವುದು ಶ್ರಾವಕನ ಕೈಯಲ್ಲಿರುವ ಸಾಧನೆ. ಹೊಸ ಸಾಮಾನು ಕೊಳ್ಳಲು ಪೇಟೆಗೆ ಹೊರಡುವ ಮುನ್ನ ಒಮ್ಮೆ ಅಟ್ಟ ಹತ್ತಿ ನೋಡುವುದರಿಂದ ಅದನ್ನು ಆರಂಭಿಸಬಹುದು.